ತಳಿಯೊಳಗಿನ ಬೇಸಿಗೆ

ರಾಸು ಕೊಳ್ಳಲು ಬಂದವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ತಳಿ ಯಾವುದೆಂದು ಕೇಳುತ್ತಾರೆ. ಅದರ ತಾಯಿ ಗಬ್ಬವಿದ್ದಾಗ ಬೇಸಿಗೆ ಹೇಗೆ ಕಳೆಯಿತು, ಆ ವರ್ಷ ಬಣವೆಯಲ್ಲಿ ಕಣಿಕೆ ಎಷ್ಟು ಉಳಿದಿತ್ತು ಎಂದು ಕೇಳುವವರು ವಿರಳ. ಇದರ ಹಿಂದೆ ಒಂದು ಗಟ್ಟಿ ನಂಬಿಕೆ ಇದೆ: ಪ್ರಾಣಿಯ ಗುಣವೆಲ್ಲ ರಕ್ತದಲ್ಲಿ ಬಂದದ್ದು, ಬಿಸಿಲು, ಮೇವು, ನೀರು ಆ ಗುಣಕ್ಕೆ ಹೊರಗಿನವು. ಈ ನಂಬಿಕೆ ಸಂತೆಯಲ್ಲೇ ಉಳಿದಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಪಶುಸಂಗೋಪನೆಯ ಯೋಜನೆಗಳೂ ಬಹುಮಟ್ಟಿಗೆ ಇದೇ ಲೆಕ್ಕದ ಮೇಲೆ ನಿಂತಿವೆ. ತಳಿ ಸುಧಾರಣೆ ಎಂದರೆ ಒಳ್ಳೆಯ ಹೋರಿಯ ವೀರ್ಯ ತರಿಸಿ ಕೃತಕ ಗರ್ಭಧಾರಣೆ ಮಾಡಿಸುವುದು. ನೆರಳು, ಮೇವು, ನೀರು ಎಂದರೆ ಸಾಕಣೆ, ಅದು ರೈತನ ಪಾಡು. ಜೀನಿನ ಖಾತೆ ಬೇರೆ, ಪರಿಸರದ ಖಾತೆ ಬೇರೆ ಎಂಬ ಈ ಹಂಚಿಕೆಯನ್ನು ಜೀವವಿಜ್ಞಾನ ಈಗ ಒಪ್ಪುವುದಿಲ್ಲ. ಪ್ರಾಣಿಯ ಜೀನುಗಳು ಯಾವಾಗ, ಎಷ್ಟು, ಯಾವ ಅಂಗದಲ್ಲಿ ಕೆಲಸ ಮಾಡಬೇಕೆಂಬುದರಲ್ಲಿ ಅದು ಬಾಳುವ ಹವೆಗೂ ತಿನ್ನುವ ಮೇವಿಗೂ ದೊಡ್ಡ ಪಾಲಿದೆ. ಹಾಗಿದ್ದ ಮೇಲೆ ಒಣಸೀಮೆಯಲ್ಲಿ ನೆರಳು, ನೀರು, ಗಬ್ಬದ ದಿನಗಳ ಮೇವು ಇವನ್ನು ತಳಿ ಸುಧಾರಣೆಯ ಭಾಗವೆಂದೇ ಎಣಿಸಬೇಕು. ಇವನ್ನು ಬಿಟ್ಟು ಅಳೆದ ತಳಿಯ ಯೋಗ್ಯತೆ ಅರ್ಧ ಅಳತೆಯಷ್ಟೇ.

ಈ ಮಾತನ್ನು ಪರೀಕ್ಷೆಗೊಡ್ಡಲು ಗದಗ ಜಿಲ್ಲೆಯ ಸೂಡಿಯ ಸುತ್ತಿನ ಸೀಮೆ ತಕ್ಕ ಜಾಗ. ರೋಣದ ಕಡೆಗೆ ಎರೆಹೊಲ, ಗಜೇಂದ್ರಗಡದ ಗುಡ್ಡಗಳ ಕಡೆಗೆ ಮಸಾರಿ ನೆಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಹಿಂಗಾರಿಯ ಬಿಳಿಜೋಳವೇ ಮನುಷ್ಯರಿಗೆ ರೊಟ್ಟಿ, ಅದರ ಕಣಿಕೆಯೇ ದನಗಳಿಗೆ ಮೇವು. ಏಪ್ರಿಲ್–ಮೇ ಹೊತ್ತಿಗೆ ಕಣಿಕೆ ಇದ್ದರೂ ಹಸಿ ಮೇವು ಇರುವುದಿಲ್ಲ. ಹಿಂಗಾರಿ ಕೈಕೊಟ್ಟ ವರ್ಷ ಕಣಿಕೆಯೂ ಇರುವುದಿಲ್ಲ. ಇದೇ ಜಿಲ್ಲೆಯ ನರಗುಂದದ ಕಡೆ ಮಲಪ್ರಭೆಯ ಕಾಲುವೆ ನೀರು ಮುಟ್ಟುವ ಹೊಲಗಳಲ್ಲಿ ಸ್ಥಿತಿ ಬೇರೆ. ಒಂದೇ ಹೋರಿಗೆ ಹುಟ್ಟಿದ ಎರಡು ಮಿಶ್ರತಳಿ ಕರುಗಳಲ್ಲಿ ಒಂದು ಕಾಲುವೆ ಬದಿಯ ಊರಲ್ಲಿ, ಇನ್ನೊಂದು ಸೂಡಿಯ ಒಣಹೊಲದ ಮನೆಯಲ್ಲಿ ಬೆಳೆದರೆ ಎರಡರ ಹಾಲೂ ಒಂದೇ ಆಗಿರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹೊಟ್ಟೆಗೆ ಬಿದ್ದಷ್ಟು ಹಾಲು ಎಂದು ಈ ವ್ಯತ್ಯಾಸವನ್ನು ವಿವರಿಸಿ ಮುಗಿಸುತ್ತೇವೆ. ವಿವರಣೆ ಅಷ್ಟಕ್ಕೇ ಮುಗಿಯುವುದಿಲ್ಲ. ಎರಡನೆಯ ಕರುವಿನ ಕೆಚ್ಚಲಿನ ಜೀವಕೋಶಗಳು ಮೊದಲನೆಯದರ ಕೋಶಗಳಿಗಿಂತ ಬೇರೆ ರೀತಿಯಲ್ಲಿ ತಮ್ಮ ಜೀನುಗಳನ್ನು ಬಳಸಲು ಕಲಿತಿರಬಹುದು. ಆ ಕಲಿಕೆ ಮೇವು ಸುಧಾರಿಸಿದ ಮೇಲೂ ಉಳಿಯಬಹುದು.

ಜೀನನ್ನು ಬಳಸುವುದು ಎಂದರೇನು? ಆಕಳಿನ ಯಕೃತ್ತಿನ ಕೋಶದಲ್ಲೂ ಕೆಚ್ಚಲಿನ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಹಾಲಿನ ಪ್ರೋಟೀನ್ ತಯಾರಿಸುವ ಜೀನು ಎರಡು ಕಡೆಯೂ ಇದೆ. ಕೆಚ್ಚಲಿನಲ್ಲಿ ಅದರ ನಕಲು ಆರ್‌ಎನ್‌ಎ ಆಗಿ ಇಳಿದು ಪ್ರೋಟೀನ್ ಆಗುತ್ತದೆ, ಯಕೃತ್ತಿನಲ್ಲಿ ಆಗುವುದಿಲ್ಲ. ಎರೆಸೀಮೆಯ ಹಗೇವಿನಲ್ಲಿ ಕಾಳು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಯಾವ ತಿಂಗಳಲ್ಲಿ ಬಾಯಿ ತೆರೆದು ಎಷ್ಟು ತೆಗೆದರು ಎಂಬುದು ಮತ್ತೊಂದು; ವಂಶವಾಹಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಗೇ ಜೀನಿನ ಅಭಿವ್ಯಕ್ತಿ ಎಂದು ಹೆಸರು. ಈ ತೆರೆಯುವ–ಮುಚ್ಚುವ ಕೆಲಸಕ್ಕೆ ಹೊರಗಿನ ಸೂಚನೆ ಬೇಕೆಂದು 1961ರಲ್ಲಿ ಫ್ರಾನ್ಸಿನ ಜಾಕೋಬ್ ಮತ್ತು ಮೊನೊ ತೋರಿಸಿದರು. ಅವರ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆ ಎದುರಿಗೆ ಬಂದಾಗ ಮಾತ್ರ ಅದನ್ನು ಅರಗಿಸುವ ಜೀನುಗಳನ್ನು ತೆರೆದವು. ಪ್ರಾಣಿಗಳಲ್ಲಿ ಈ ವ್ಯವಸ್ಥೆ ಇನ್ನೂ ಜಟಿಲ. ಜೇನಿನ ರಾಣಿಯೂ ಕೆಲಸಗಾರ್ತಿಯೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟುತ್ತವೆ. ರಾಣಿಯಾಗಬೇಕಾದ ಮರಿಗೆ ಕೊನೆಯವರೆಗೂ ವಿಶೇಷ ಆಹಾರ ಸಿಗುತ್ತದೆ, ಉಳಿದವಕ್ಕೆ ಕೆಲವೇ ದಿನ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಸುವ ಒಂದು ಕಿಣ್ವವನ್ನು ಮರಿಗಳಲ್ಲಿ ತಡೆದಾಗ, ಆ ವಿಶೇಷ ಆಹಾರವಿಲ್ಲದೆಯೂ ಬಹುಪಾಲು ಮರಿಗಳು ರಾಣಿಯ ಲಕ್ಷಣ ತಳೆದವು. ಆಹಾರದ ಪರಿಣಾಮ ಜೀನಿನ ಮೇಲೆ ಬೀಳುವ ದಾರಿ ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಯಿತು.

ಬಿಸಿಲಿನ ದಾರಿ ಇದಕ್ಕಿಂತ ಮೊದಲೇ ಗೊತ್ತಾಗಿತ್ತು, ಅದೂ ಆಕಸ್ಮಿಕವಾಗಿ. ಇಟಲಿಯ ಫೆರುಚಿಯೊ ರಿಟೋಸಾ ಹಣ್ಣುನೊಣಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ನೊಣಗಳಿದ್ದ ಪೆಟ್ಟಿಗೆಯ ಶಾಖ ಏರಿಬಿಟ್ಟಿತ್ತು. ವರ್ಣತಂತುವಿನ ಮೇಲೆ ಹೊಸ ಹೊಸ ಕಡೆ ಉಬ್ಬುಗಳು ಎದ್ದಿದ್ದವು. ಉಬ್ಬೆಂದರೆ ಆ ಜಾಗದ ಜೀನು ತೆರೆದು ದುಡಿಯುತ್ತಿದೆ ಎಂದರ್ಥ. 1962ರಲ್ಲಿ ಅವರು ಪ್ರಕಟಿಸಿದ ಈ ಸಂಗತಿಯಿಂದ ಮುಂದೆ ಶಾಖಾಘಾತ ಪ್ರೋಟೀನುಗಳ ಶೋಧವಾಯಿತು. ಮಟಮಟ ಮಧ್ಯಾಹ್ನ ನೆರಳಿಲ್ಲದ ಬಯಲಲ್ಲಿ ನಿಂತ ಆಡಿನ ಮೈಯಲ್ಲಿ ನಡೆಯುವುದೂ ಇದೇ. ಉಸಿರು ಏದುಸಿರಾಗುತ್ತದೆ, ಮೇಯುವುದು ನಿಲ್ಲುತ್ತದೆ, ಮೈಶಾಖ ಏರುತ್ತದೆ. ಕೋಶದೊಳಗೆ ಪ್ರೋಟೀನುಗಳು ತಮ್ಮ ಮಡಿಕೆ ಬಿಚ್ಚಿ ಕೆಡತೊಡಗುತ್ತವೆ. ಅವುಗಳನ್ನು ಸರಿಪಡಿಸುವ ಸಹಾಯಕ ಪ್ರೋಟೀನುಗಳು ಅತ್ತ ಧಾವಿಸಿದಾಗ, ಅವು ಅದುವರೆಗೆ ಹಿಡಿದಿಟ್ಟಿದ್ದ ಎಚ್‌ಎಸ್‌ಎಫ್-1 ಎಂಬ ಅಣು ಬಿಡುಗಡೆಯಾಗುತ್ತದೆ. ಮೂರು ಮೂರು ಸೇರಿ ಕೋಶಕೇಂದ್ರಕ್ಕೆ ನುಗ್ಗಿ, ಎಚ್‌ಎಸ್‌ಪಿ-70ರ ಜೀನಿನ ಬಾಗಿಲಲ್ಲಿ ಕೂರುತ್ತದೆ. ಕೆಲವೇ ನಿಮಿಷಗಳಲ್ಲಿ ಆ ಜೀನಿನ ನಕಲುಗಳು ಹೊರಬೀಳತೊಡಗುತ್ತವೆ. ಅದೇ ಹೊತ್ತಿಗೆ ಬೆಳವಣಿಗೆಯ, ದಿನನಿತ್ಯದ ಬೇರೆ ಎಷ್ಟೋ ಕೆಲಸಗಳು ನಿಧಾನವಾಗುತ್ತವೆ. ಬಿಸಿಲು ಆಡಿನ ಚರ್ಮದ ಮೇಲೆ ಬಿದ್ದು ಅಲ್ಲಿಗೇ ನಿಲ್ಲಲಿಲ್ಲ. ಅದರ ಒಂದೊಂದು ಕೋಶದೊಳಗೆ ಯಾವ ಜೀನು ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನೇ ಬದಲಿಸಿತು. ಈ ರಕ್ಷಣೆಗೆ ತೆರುವ ಬೆಲೆಯೇ ಮಾಂಸದಲ್ಲಿ, ಹಾಲಿನಲ್ಲಿ, ಗಬ್ಬ ನಿಲ್ಲುವುದರಲ್ಲಿ ಕಾಣುವ ಕೊರತೆ.

ನಮ್ಮ ಪ್ರಾಣಿಗಳ ಮೇಲೆಯೇ ಇದನ್ನು ಅಳೆದ ಕೆಲಸ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ನಡೆದಿದೆ. ಅಲ್ಲಿನ ಒಂದು ಪ್ರಯೋಗದಲ್ಲಿ 24 ಉಸ್ಮಾನಾಬಾದಿ ಹೋತಗಳನ್ನು ನಾಲ್ಕು ಗುಂಪು ಮಾಡಿ 45 ದಿನ ಸಾಕಿದರು. ಒಂದು ಗುಂಪು ನೆರಳಲ್ಲಿ ಹೊಟ್ಟೆತುಂಬ ತಿಂದಿತು. ಒಂದು ಬೇಸಿಗೆಯ ಬಿಸಿಲಲ್ಲಿ ನಿಂತಿತು. ಒಂದಕ್ಕೆ ಮೇವು ಕಡಿಮೆ ಮಾಡಿದರು. ನಾಲ್ಕನೆಯದಕ್ಕೆ ಬಿಸಿಲೂ ಇತ್ತು, ಮೇವೂ ಕಡಿಮೆ. ರಕ್ತದ ಅಂಶಗಳನ್ನೂ ಯಕೃತ್ತಿನಲ್ಲಿ ಎಚ್‌ಎಸ್‌ಪಿ-70 ಜೀನಿನ ಅಭಿವ್ಯಕ್ತಿಯನ್ನೂ ನೋಡಿ ಅವರು ಬಂದ ತೀರ್ಮಾನ, ಎರಡು ಕಷ್ಟಗಳು ಒಟ್ಟಿಗೆ ಬಂದಾಗ ಹೊಂದಿಕೊಳ್ಳುವ ಶಕ್ತಿಗೆ ಬೀಳುವ ಪೆಟ್ಟು ಒಂದೊಂದೇ ಬಂದಾಗಿನದಕ್ಕಿಂತ ತೀವ್ರ ಎಂಬುದು. ಸೂಡಿಯ ದೃಷ್ಟಿಯಿಂದ ಈ ನಾಲ್ಕನೆಯ ಗುಂಪೇ ಮುಖ್ಯ. ಏಕೆಂದರೆ ಇಲ್ಲಿ ಬಿಸಿಲೂ ಮೇವಿನ ಕೊರತೆಯೂ ಬೇರೆ ಬೇರೆ ತಿಂಗಳಲ್ಲಿ ಬರುವುದಿಲ್ಲ. ಪಾದರಸ ಏರುವ ಹೊತ್ತಿಗೇ ಹುಲ್ಲು ಒಣಗುತ್ತದೆ, ಹಳ್ಳ ಬತ್ತುತ್ತದೆ, ಕುರಿ–ಆಡುಗಳು ನೀರಿಗಾಗಿ ದೂರ ನಡೆಯಬೇಕಾಗುತ್ತದೆ. ಬಿಸಿಲಿಗೆ ಉತ್ತರವಾಗಿ ತೆರೆದ ಜೀನು ಪ್ರೋಟೀನ್ ಕಟ್ಟಬೇಕಾದರೆ ಕಚ್ಚಾ ಸಾಮಗ್ರಿ ಬೇಕು, ಶಕ್ತಿ ಬೇಕು; ಅವು ಬರಬೇಕಾದದ್ದು ಸಿಗದ ಮೇವಿನಿಂದ. ಹವೆಯನ್ನೂ ಮೇವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದು ಕೂಡಿಸುವ ಲೆಕ್ಕ ಇಲ್ಲಿ ತಪ್ಪಾಗುವುದು ಇದರಿಂದಲೇ.

ಇಷ್ಟರವರೆಗಿನದು ಒಂದು ಬೇಸಿಗೆಯ ಕಥೆ. ಮಳೆ ಬಿದ್ದರೆ ಆಡು ಚೇತರಿಸಿಕೊಳ್ಳುತ್ತದೆ. ಗರ್ಭದಲ್ಲಿರುವ ಮರಿಯ ಕಥೆ ಹಾಗಲ್ಲ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಡಾಲ್, ಜಿಮೆನಾ ಲಪೋರ್ಟಾ ಮತ್ತು ಸಂಗಡಿಗರು ಹೋಲ್‌ಸ್ಟೀನ್ ಆಕಳುಗಳ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ಈ ವಿಷಯದಲ್ಲಿ ತುಂಬ ಬೆಲೆಯುಳ್ಳವು. ಹಾಲು ಬತ್ತಿಸಿದ ಮೇಲೆ ಈಯುವ ತನಕದ ಕೊನೆಯ ವಾರಗಳಲ್ಲಿ ಕೆಲವು ಆಕಳುಗಳಿಗೆ ನೆರಳಿನ ಜೊತೆ ಫ್ಯಾನು ಮತ್ತು ನೀರಿನ ಸಿಂಚನ ಕೊಟ್ಟರು, ಉಳಿದವಕ್ಕೆ ನೆರಳು ಮಾತ್ರ. ಸೆಕೆಯಲ್ಲಿ ಉಳಿದವು ಮುಂದಿನ ಸೂಲಿನಲ್ಲಿ ಕಡಿಮೆ ಹಾಲು ಕೊಟ್ಟವು, ಅದು ನಿರೀಕ್ಷಿತವೇ. ಅನಿರೀಕ್ಷಿತವಾದದ್ದು ಹೆಣ್ಣುಕರುಗಳ ಸಂಗತಿ. ತಾಯಿಯ ಹೊಟ್ಟೆಯಲ್ಲಿ ಆ ಕೆಲವು ವಾರಗಳ ಸೆಕೆ ಉಂಡ ಕರುಗಳು ಹುಟ್ಟಿದ ಮೇಲೆ ಉಳಿದವುಗಳ ಹಾಗೆಯೇ ಬೆಳೆದರೂ, ತಾವು ಹಾಲಿಗೆ ಬಂದಾಗ ತಂಪಿನಲ್ಲಿ ಬೆಳೆದ ಗರ್ಭದ ಕರುಗಳಿಗಿಂತ ದಿನಕ್ಕೆ ಎರಡು ಕಿಲೋಗೂ ಮಿಕ್ಕಿ ಕಡಿಮೆ ಹಾಲು ಕೊಟ್ಟವು. 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮೊಮ್ಮಕ್ಕಳ ಹಾಲಿನಲ್ಲೂ ಕೊರತೆ ಕಂಡಿತು. ಅದೇ ತಂಡದ ಮತ್ತೊಂದು ಅಧ್ಯಯನದಲ್ಲಿ ಇಂಥ ಕರುಗಳ ಯಕೃತ್ತು ಮತ್ತು ಕೆಚ್ಚಲಿನ ಅಂಗಾಂಶದಲ್ಲಿ ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳು ಬೇರೆಯಾಗಿದ್ದವು. ಡಿಎನ್‌ಎಯ ಅಕ್ಷರ ಒಂದೂ ಬದಲಾಗಿರಲಿಲ್ಲ. ಅದನ್ನು ಓದುವ ಕ್ರಮ ಬದಲಾಗಿತ್ತು.

ಮೂರನೆಯ ತಲೆಮಾರಿಗೂ ಪೆಟ್ಟು ತಟ್ಟಿದ್ದು ಮೊದಲ ನೋಟಕ್ಕೆ ಮಾಯೆಯಂತೆ ಕಾಣುತ್ತದೆ, ಆದರೆ ಅದರ ಹಿಂದೆ ಸರಳವಾದ ಅಂಗರಚನೆಯ ಸತ್ಯವಿದೆ. ಹೆಣ್ಣು ಭ್ರೂಣದ ಅಂಡಾಶಯದಲ್ಲಿ ಅದು ಮುಂದೆ ಬಳಸಲಿರುವ ಅಂಡಗಳ ಮೂಲಕೋಶಗಳು ಹುಟ್ಟುವ ಮೊದಲೇ ಸಿದ್ಧವಾಗಿರುತ್ತವೆ. ತುಂಬು ಗಬ್ಬದ ಆಕಳೊಂದು ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಏದುಸಿರು ಬಿಡುತ್ತಿದ್ದರೆ, ಆ ಸೆಕೆಯನ್ನು ಅನುಭವಿಸುತ್ತಿರುವುದು ಅದೊಂದೇ ಅಲ್ಲ. ಹೊಟ್ಟೆಯೊಳಗಿನ ಹೆಣ್ಣುಕರು ಮತ್ತು ಆ ಕರುವಿನೊಳಗಿನ ಅಂಡಗಳೂ ಅನುಭವಿಸುತ್ತಿವೆ. ಹೀಗೆ ಒಂದು ಬೇಸಿಗೆ ಏಕಕಾಲಕ್ಕೆ ಮೂರು ತಲೆಮಾರುಗಳನ್ನು ಮುಟ್ಟುತ್ತದೆ. ಈಗ ಆ ಕರು ದೊಡ್ಡದಾಗಿ ಹಾಲಿಗೆ ಬಂದಾಗ ನಾವು ಮಾಡುವ ಲೆಕ್ಕವನ್ನು ನೋಡಿ. ಹೋರಿಯ ಹೆಸರು ಗೊತ್ತು, ತಾಯಿಯ ಹಾಲು ಗೊತ್ತು, ಮಗಳ ಹಾಲು ಕಡಿಮೆ. ತೀರ್ಪು: ಹೋರಿ ಸರಿಯಿಲ್ಲ, ಇಲ್ಲವೇ ತಾಯಿಯ ಬಳಿ ಸತ್ವವಿಲ್ಲ. ಎಂದೋ ಕಳೆದ ಒಂದು ಬೇಸಿಗೆಯ ದೋಷ ತಳಿಯ ಹೆಸರಿನಲ್ಲಿ ಜಮೆಯಾಯಿತು. ತಳಿಯ ಬಗ್ಗೆ ನಾವು ಆಡುವ ಎಷ್ಟೋ ಮಾತುಗಳಲ್ಲಿ ಹೀಗೆ ಹವಾಮಾನದ ಇತಿಹಾಸ ರಕ್ತದ ವೇಷ ಹಾಕಿಕೊಂಡು ಬಂದಿರುವ ಸಾಧ್ಯತೆಯಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಪರಿಸರವೇ ಇಷ್ಟು ದೊಡ್ಡದಾದರೆ ತಳಿಗೆ ಬೆಲೆಯೇ ಇಲ್ಲವೇ? ಇದೆ, ಮತ್ತು ಪುರಾವೆಯೂ ಇದೆ. ಕೆರಿಬಿಯನ್ ಮೂಲದ ಸೆನೆಪೋಲ್ ದನಗಳಲ್ಲಿ ಪ್ರೊಲ್ಯಾಕ್ಟಿನ್ ಗ್ರಾಹಕದ ಒಂದೇ ಜೀನಿನ ಬದಲಾವಣೆಯಿಂದ ಕೂದಲು ಗಿಡ್ಡವಾಗಿ, ಸೆಕೆ ತಡೆಯುವ ಶಕ್ತಿ ಬಂದಿದೆ. ನಮ್ಮ ಪಕ್ಕದ ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗಾರೋಲ್ ಕುರಿಯ ಫೆಕ್-ಬಿ ಜೀನನ್ನು ದಖ್ಖನಿ ಕುರಿಗೆ ಸೇರಿಸಿ, ಅವಳಿ ಮರಿ ಈಯುವ ನಾರಿ ಸುವರ್ಣ ತಳಿಯನ್ನು ರೂಪಿಸಿತು. ಕರ್ನಾಟಕದ ಕುರಿಗಾರರಿಗೂ ಆ ಹೆಸರು ಗೊತ್ತು. ಮೇವನ್ನು ಎಷ್ಟೇ ಕೊಟ್ಟರೂ ಸಾಮಾನ್ಯ ದಖ್ಖನಿ ಕುರಿ ಹೀಗೆ ಸಾಲಾಗಿ ಅವಳಿ ಈಯದು. ಬೆಂಗಳೂರಿನ ಅದೇ ಸಂಸ್ಥೆ ಉಸ್ಮಾನಾಬಾದಿ, ಮಲಬಾರಿ, ಸೇಲಂ ಕಪ್ಪು ಎಂಬ ಮೂರು ಆಡಿನ ತಳಿಗಳನ್ನು ಒಂದೇ ಬೇಸಿಗೆಗೆ ಒಡ್ಡಿದಾಗ ಮೂರೂ ಒಂದೇ ರೀತಿ ಸ್ಪಂದಿಸಲಿಲ್ಲ. ಆದರೆ ಈ ಉದಾಹರಣೆಗಳನ್ನು ಪೂರ್ತಿ ಓದಿದರೆ ಅವು ಹೇಳುವುದು ಬೇರೆಯೇ. ಸೆನೆಪೋಲ್‌ನ ಜೀನಿಗೆ ಬೆಲೆ ಬರುವುದು ಸೆಕೆಯಲ್ಲಿ. ತಂಪು ನಾಡಿನಲ್ಲಿ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಫೆಕ್-ಬಿ ಎರಡು ಮರಿ ಕೊಡುತ್ತದೆ, ಎರಡಕ್ಕೂ ಹಾಲು ಕೊಡುವುದಿಲ್ಲ. ತಾಯಿಗೆ ಮೇವಿಲ್ಲದ ಹಿಂಡಿನಲ್ಲಿ ಎರಡನೆಯ ಮರಿ ವರವಾಗುವ ಬದಲು ಹೊರೆಯಾಗುತ್ತದೆ. ಮೂರು ಆಡಿನ ತಳಿಗಳ ನಡುವೆ ಕಂಡ ವ್ಯತ್ಯಾಸವೂ ಬಿಸಿಲಿಗೆ ಅವು ತಮ್ಮ ದೇಹವನ್ನು ಹೊಂದಿಸಿಕೊಂಡ ರೀತಿಯಲ್ಲಿತ್ತು. ತಳಿ ಎಂದರೆ ಹಲವು ಪರಿಸರಗಳಲ್ಲಿ ಹೇಗೆ ಸ್ಪಂದಿಸಬಲ್ಲೆ ಎಂಬ ಸಾಧ್ಯತೆಗಳ ಗೊಂಚಲು. ಅದರಲ್ಲಿ ಯಾವುದು ನಿಜವಾಗುತ್ತದೆ ಎಂಬುದು ಪ್ರಾಣಿ ಬದುಕುವ ಜಾಗದಲ್ಲಿ ತೀರ್ಮಾನವಾಗುತ್ತದೆ.

ಈ ಸೀಮೆಯ ಇತಿಹಾಸವೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳ ಜಿಗುಟು ಎರೆಮಣ್ಣನ್ನು ಉಳಲು ಭಾರಿ ಮೈಕಟ್ಟಿನ ಎತ್ತು ಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಂಗ್ಲಿ ಕಡೆಯ ಪಟವರ್ಧನ ಸಂಸ್ಥಾನಿಕರು ಗಿರ್, ಓಂಗೋಲು, ಮೈಸೂರು ಕಡೆಯ ರಾಸುಗಳನ್ನು ಸೇರಿಸಿ ಕೃಷ್ಣಾ ಕಣಿವೆ ತಳಿಯನ್ನು ಕಟ್ಟಿದರು. ಎರೆನೆಲವೇ ಆ ತಳಿಯನ್ನು ಕೇಳಿ ಪಡೆಯಿತು ಎನ್ನಬೇಕು. ಟ್ರ್ಯಾಕ್ಟರು ಬಂದು ನೆಲ ಕೇಳುವುದನ್ನು ನಿಲ್ಲಿಸಿದಾಗ ತಳಿಯೂ ವಿರಳವಾಯಿತು. ತಳಿಯನ್ನು ನೆಲದಿಂದ ಕಿತ್ತು, ಎಲ್ಲಿಗೆ ಬೇಕಾದರೂ ಸಾಗಿಸಬಹುದಾದ ಸರಕೆಂದು ನೋಡಲು ತೊಡಗಿದ್ದು ಇತ್ತೀಚಿನ ರೂಢಿ.

ಎರಡನೆಯ ಆಕ್ಷೇಪ ತಾತ್ವಿಕವಾದದ್ದು. ಬಾಳಿನಲ್ಲಿ ಗಳಿಸಿದ ಗುಣ ಮಕ್ಕಳಿಗೆ ಇಳಿಯುತ್ತದೆ ಎಂದ ಲಾಮಾರ್ಕನನ್ನು ಹಿಂಬಾಗಿಲಿನಿಂದ ಕರೆತಂದಂತೆ ಆಗಲಿಲ್ಲವೇ? ಈ ಭಯಕ್ಕೆ ಕಾರಣವಿದೆ. ಸೋವಿಯತ್ ಒಕ್ಕೂಟದಲ್ಲಿ ಇಂಥದೇ ವಾದ ಹಿಡಿದ ಲೈಸೆಂಕೊ 1948ರಲ್ಲಿ ಸರ್ಕಾರದ ಬಲದಿಂದ ಜೀನ್‌ಶಾಸ್ತ್ರದ ಬಾಯಿಯನ್ನೇ ಮುಚ್ಚಿಸಿದ. ಮಾಸ್ಕೋ ಬಳಿಯ ತನ್ನ ಫಾರ್ಮಿನಲ್ಲಿ ಜರ್ಸಿ ಹೋರಿಗಳ ಮಿಶ್ರತಳಿ ಬೆಳೆಸಿ, ಹಾಲಿನ ಕೊಬ್ಬಿನ ಅಂಶವನ್ನು ಜರ್ಸಿ ರಕ್ತ ತಗ್ಗಿದ ಮೇಲೂ ಉಳಿಸಬಲ್ಲೆ ಎಂದ. 1965ರಲ್ಲಿ ವಿಜ್ಞಾನ ಅಕಾಡೆಮಿಯ ತನಿಖೆ ಆ ಲೆಕ್ಕಗಳ ಪೊಳ್ಳನ್ನು ಬಯಲಿಗೆಳೆಯಿತು. ರಕ್ತವೊಂದೇ ಸಾಕು ಎನ್ನುವುದು ಎಷ್ಟು ತಪ್ಪೋ ಮೇವೊಂದೇ ಸಾಕು ಎನ್ನುವುದೂ ಅಷ್ಟೇ ತಪ್ಪು. ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಬಿಸಿಲಿಗೆ ಎಚ್‌ಎಸ್‌ಪಿ-70 ಏರುವುದು ಗಂಟೆಗಳ ಮಾತು, ತಂಪಾದರೆ ಇಳಿಯುತ್ತದೆ. ಗರ್ಭದಲ್ಲಿ ಅಂಗ ರೂಪುಗೊಳ್ಳುವಾಗ ಬಿದ್ದ ಗುರುತು ಆ ಪ್ರಾಣಿಯ ಜೀವಮಾನದ ಮಾತು. ಇಲ್ಲಿಯವರೆಗೆ ಪುರಾವೆ ಗಟ್ಟಿಯಾಗಿದೆ. ಇದರಾಚೆ, ಪರಿಸರ ನೇರವಾಗಿ ಮುಟ್ಟದ ತಲೆಮಾರಿಗೂ ಗುರುತು ಸಾಗುತ್ತದೆಯೇ ಎಂಬಲ್ಲಿ ಸಸ್ತನಿಗಳ ವಿಷಯದಲ್ಲಿ ತುಂಬ ಎಚ್ಚರ ಬೇಕು. ಅವುಗಳ ಲಿಂಗಕೋಶಗಳು ತಯಾರಾಗುವಾಗ ಒಮ್ಮೆ, ಭ್ರೂಣ ಮೊಳೆಯುವಾಗ ಇನ್ನೊಮ್ಮೆ ಮೀಥೈಲ್ ಗುರುತುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ನನ್ನ ವಾದಕ್ಕೆ ಈ ಮೂರನೆಯದು ಬೇಕಾಗಿಯೇ ಇಲ್ಲ. ಮೊದಲ ಎರಡರಿಂದಲೇ ಸಾಕಣೆಗೂ ತಳಿಗೂ ನಡುವಿನ ಗೋಡೆ ಬೀಳುತ್ತದೆ.

ಫ್ಲೋರಿಡಾದ ಹೋಲ್‌ಸ್ಟೀನ್ ಲೆಕ್ಕವನ್ನು ಸೂಡಿಯ ಜವಾರಿ ಆಕಳಿಗೆ ಹಚ್ಚುವುದು ಸರಿಯೇ ಎಂಬುದು ಮೂರನೆಯ ಆಕ್ಷೇಪ. ಅಂಕಿಗಳನ್ನು ಹಾಗೇ ಹಚ್ಚುವುದು ಖಂಡಿತ ಸರಿಯಲ್ಲ. ಡುಬ್ಬದ ನಮ್ಮ ದನಗಳ ಜೀವಕೋಶಗಳು ಶಾಖವನ್ನು ಯೂರೋಪಿನ ದನಗಳ ಕೋಶಗಳಿಗಿಂತ ಚೆನ್ನಾಗಿ ತಾಳುತ್ತವೆ ಎಂಬುದಕ್ಕೆ ಪ್ರಯೋಗಗಳ ಬೆಂಬಲವಿದೆ. ಆದರೆ ಇಂದು ಈ ಭಾಗದ ಹಾಲಿನ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಕಟ್ಟಿರುವುದು ಹೆಚ್ಚಾಗಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಮಿಶ್ರತಳಿ. ಅರ್ಧಕ್ಕೂ ಹೆಚ್ಚು ಹೋಲ್‌ಸ್ಟೀನ್ ರಕ್ತದ ಆಕಳಿಗೆ ಹೋಲ್‌ಸ್ಟೀನ್ ಪ್ರಯೋಗ ದೂರದ್ದೇನಲ್ಲ. ಇನ್ನು ಫ್ಲೋರಿಡಾದ ಸೆಕೆ ತೇವದ್ದು, ನಮ್ಮದು ಒಣ ಬಿಸಿಲು. ಬೆವರು ಇಲ್ಲಿ ಬೇಗ ಆರುತ್ತದೆ, ಮೈ ತಣಿಯುತ್ತದೆ. ಇದು ನಮಗಿರುವ ಅನುಕೂಲ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಲ್ಲಿಸುವಷ್ಟು ಗಾಳಿ ಬೀಸುವ ಸೀಮೆ ಇದು. ಅಂಥಲ್ಲಿ ಗಾಳಿಗೆ ಬೆನ್ನು ಮಾಡಿ, ಮೂರು ಕಡೆ ಗೋಡೆ ಎತ್ತಿ, ಮೇಲೆ ತಗಡು ಹೊದಿಸಿ ದನ ಕಟ್ಟುವುದು ಆ ಅನುಕೂಲವನ್ನು ಕೈಯಾರೆ ಕಳೆದುಕೊಂಡಂತೆ. ತಗಡಿನ ಮೇಲೆ ಸೋಗೆಯನ್ನೋ ಕಣಿಕೆಯನ್ನೋ ಹೊದಿಸಿ, ಪಕ್ಕದ ಗೋಡೆಯನ್ನು ಸೊಂಟದೆತ್ತರಕ್ಕೆ ನಿಲ್ಲಿಸಿ, ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿದರೆ ಫ್ಲೋರಿಡಾದ ಫ್ಯಾನಿನ ಕೆಲಸದಲ್ಲಿ ದೊಡ್ಡ ಪಾಲನ್ನು ಇಲ್ಲಿನ ಗಾಳಿಯೇ ಮಾಡಬಲ್ಲದು.

ಕೊನೆಯದು ವ್ಯವಹಾರದ ಆಕ್ಷೇಪ: ಬೇಸಿಗೆಯನ್ನು ಯಾರು ತಡೆಯಬಲ್ಲರು, ಬಡ ಕುರಿಗಾರನಿಗೆ ಇದೆಲ್ಲ ಆಗುವ ಮಾತೇ? ಬೇಸಿಗೆಯನ್ನು ತಡೆಯಲಾಗದು, ಆದರೆ ಗಬ್ಬದ ಕೊನೆಯ ತಿಂಗಳುಗಳು ಬೇಸಿಗೆಗೆ ಬೀಳದಂತೆ ನೋಡಿಕೊಳ್ಳಬಹುದು, ಅದಕ್ಕೆ ಖರ್ಚೂ ಹೆಚ್ಚಿಲ್ಲ. ಆಕಳಿನ ಗಬ್ಬ ಒಂಬತ್ತು ತಿಂಗಳ ಮೇಲೆ ಕೆಲವು ದಿನ. ಆಗಸ್ಟ್–ಸೆಪ್ಟೆಂಬರಿನಲ್ಲಿ ಗಬ್ಬ ನಿಂತರೆ ಈಯುವುದು ಮೇ–ಜೂನಿನಲ್ಲಿ. ತಾಯಿಯ ಅತಿ ನಾಜೂಕಿನ ವಾರಗಳು ವರ್ಷದ ಅತಿ ಕೆಟ್ಟ ವಾರಗಳಿಗೆ ಸರಿಯಾಗಿ ಬೀಳುತ್ತವೆ. ನವೆಂಬರ್–ಡಿಸೆಂಬರಿನಲ್ಲಿ ನಿಂತರೆ ಕೊನೆಯ ತಿಂಗಳುಗಳು ಮುಂಗಾರಿನ ಹಸಿರಿನಲ್ಲಿ ಕಳೆಯುತ್ತವೆ. ಕುರಿಯ ಗಬ್ಬ ಐದು ತಿಂಗಳು. ಟಗರನ್ನು ಜೂನ್–ಜುಲೈನಲ್ಲಿ ಬಿಟ್ಟರೆ ಮರಿ ಬೀಳುವುದು ಮಳೆ ಮುಗಿದು ಹುಲ್ಲಿರುವ ನವೆಂಬರ್–ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಬಿಟ್ಟರೆ ಸುಡುವ ಮೇ ತಿಂಗಳಲ್ಲಿ. ಅನುಭವಿ ಕುರಿಗಾರರಿಗೆ ಈ ಲೆಕ್ಕ ಹೊಸದೇನಲ್ಲ. ವಿಜ್ಞಾನ ಈಗ ಅದಕ್ಕೆ ಕೋಶದೊಳಗಿನ ಕಾರಣ ಒದಗಿಸಿದೆ. ನೀರಿನ ವಿಷಯಕ್ಕೆ ಬಂದರೆ, ಪರಿಸರವನ್ನು ಹಣೆಬರಹವೆಂದು ಒಪ್ಪದ ಹಿರಿಯರು ಈ ನೆಲದಲ್ಲೇ ಇದ್ದರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯ ಆಳ್ವಿಕೆಯಲ್ಲಿ ಮೆರೆದ ಸೂಡಿಯಲ್ಲಿ ನಾಗಕುಂಡದಂಥ ಕಲ್ಲಿನ ಪುಷ್ಕರಣಿ ಇರುವುದೇ ಅದಕ್ಕೆ ಗುರುತು. ಹಳ್ಳಿಗೊಂದು ದನದ ನೀರಿನ ತೊಟ್ಟಿ, ದಾರಿಯಲ್ಲಿ ಬೇವಿನ ನೆರಳು, ಒಳ್ಳೆಯ ವರ್ಷದ ಕಣಿಕೆಯನ್ನು ಕೆಟ್ಟ ವರ್ಷಕ್ಕೆ ಕೂಡಿಡುವ ಸಾರ್ವಜನಿಕ ಏರ್ಪಾಡು ಇವು ಒಬ್ಬ ಕುರಿಗಾರನ ಕೈಲಾಗದಿದ್ದರೂ ಪಂಚಾಯತಿಯ ಕೈಲಾಗುವ ಕೆಲಸಗಳು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಗರ್ಭಧಾರಣೆಯ ದಾಖಲೆಯಲ್ಲಿ ಹೋರಿಯ ಸಂಖ್ಯೆಯ ಜೊತೆಗೆ ಈದ ತಿಂಗಳು, ಗಬ್ಬದ ಕೊನೆಯ ತಿಂಗಳುಗಳ ಮೇವು ಮತ್ತು ಕಟ್ಟಿದ ಜಾಗ ಇಷ್ಟನ್ನು ಬರೆಸಿದರೂ ಕೆಲವೇ ವರ್ಷಗಳಲ್ಲಿ ಈ ಸೀಮೆಯದ್ದೇ ಆದ ಪುರಾವೆ ಕೈಗೆ ಸಿಗುತ್ತದೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳಬಹುದು: ಎರಡೂ ಬೇಕು ಎಂದಾದರೆ ಯಾವುದು ಮೊದಲು? ಉತ್ತರ ಎರಡು ತಪ್ಪುಗಳ ತೂಕದಲ್ಲಿದೆ. ನೆರಳಿಗೂ ಮೇವಿಗೂ ಹಣ ಹಾಕಿದ ಮೇಲೆ ತಳಿಯಲ್ಲಿ ನಿಜಕ್ಕೂ ಸತ್ವವಿಲ್ಲ ಎಂದು ತಿಳಿದರೆ ನಾವು ಕಳೆದುಕೊಂಡದ್ದು ಸ್ವಲ್ಪ ಹಣ, ಕೆಲವು ವರ್ಷ. ಆ ನೆರಳೂ ನೀರೂ ಮುಂದಿನ ತಳಿಗೂ ಒದಗುತ್ತವೆ. ಪರಿಸರದ ದೋಷವನ್ನು ತಳಿಯ ತಲೆಗೆ ಕಟ್ಟಿ, ದಖ್ಖನಿ ಕುರಿಯನ್ನೋ ಜವಾರಿ ಆಕಳನ್ನೋ ಕಡಿಮೆ ಇಳುವರಿಯದೆಂದು ಕೈಬಿಟ್ಟರೆ, ನೂರಾರು ಬೇಸಿಗೆಗಳು ಸೋಸಿ ಉಳಿಸಿದ ಜೀನುಗಳ ಜೋಡಣೆ ಹೋಗಿಬಿಡುತ್ತದೆ. ಅದನ್ನು ಮರಳಿ ಕಟ್ಟುವ ವಿದ್ಯೆ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಮೊದಲನೆಯ ತಪ್ಪನ್ನು ತಿದ್ದಬಹುದು, ಎರಡನೆಯದನ್ನು ತಿದ್ದಲಾಗದು. ಆದ್ದರಿಂದ ವಿಚಾರಣೆಯ ಕ್ರಮ ಹೀಗಿರಬೇಕು: ಮೊದಲು ಬಿಸಿಲು, ನೀರು, ಗಬ್ಬದ ಮೇವನ್ನು ಸರಿಪಡಿಸಿ; ಕನಿಷ್ಠ ಎರಡು ತಲೆಮಾರು ಆ ಸ್ಥಿತಿಯಲ್ಲಿ ಹುಟ್ಟಿ ಬೆಳೆಯಲಿ; ಆಮೇಲೆ ತಳಿಯ ಮೇಲೆ ತೀರ್ಪು ಕೊಡಿ. ಅಲ್ಲಿಯವರೆಗೆ ಒಣಸೀಮೆಯ ಯಾವ ಪ್ರಾಣಿಯನ್ನೂ ಕೆಟ್ಟ ರಕ್ತದ್ದೆಂದು ಕರೆಯುವ ಹಕ್ಕು ನಮಗಿಲ್ಲ.